ತಲೆನೋವು ಇಲ್ಲ ಅಂತ ಸುಳ್ಳು ಹೇಳಿದ್ದೆ

ಊರಿಗೆ ಬಂದು ಮೂರು ವಾರ ಆಯ್ತು. ಕಾರವಾರದಲ್ಲಿ ಎಲ್ಲಿ ಹೋದರೂ ಒಂದೇ ಪ್ರಶ್ನೆ: "ಎವರೆಸ್ಟ್ ಬೇಸ್ ಕ್ಯಾಂಪ್ ಮುಟ್ಟಿದ್ರಾ? ಫೋಟೋ ಎಲ್ಲಿ?" ಮುಟ್ಟಲಿಲ್ಲ. ಫೋಟೋ ಇಲ್ಲ. ಅದಕ್ಕಿಂತ ಕೆಳಗಿನ ಲೊಬುಚೆ ತನಕ ಹೋಗಿ ವಾಪಸ್ ಬಂದೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ.

ವಾಪಸ್ ಬಂದದ್ದಕ್ಕೆ ನನಗೆ ಬೇಜಾರಿಲ್ಲ. ನಾಚಿಕೆ ಆಗುವುದು ಬೇರೆ ವಿಷಯಕ್ಕೆ. ಎತ್ತರಕ್ಕೆ ಮೈ ಒಗ್ಗದಾಗ ಬರುವ ತಲೆನೋವನ್ನು ಎರಡು ದಿನ ನಾನು ಮುಚ್ಚಿಟ್ಟಿದ್ದೆ.

ತಯಾರಿ ಏನೂ ಕಡಿಮೆ ಇರಲಿಲ್ಲ. ಆರು ತಿಂಗಳು ಬೆಳಿಗ್ಗೆ ಟ್ಯಾಗೋರ್ ಕಡಲತೀರದ ಮರಳಿನಲ್ಲಿ ನಡಿಗೆ. ಭಾನುವಾರ ಬ್ಯಾಗಿಗೆ ಎಂಟು ಕೆಜಿ ಅಕ್ಕಿ ತುಂಬಿಕೊಂಡು ಗುಡ್ಡಳ್ಳಿ ಹತ್ತುವುದು. ಹೆಂಡತಿ "ಆ ಅಕ್ಕಿ ಯಾವಾಗ ಡಬ್ಬಿಗೆ ಬರ್ತದೆ" ಅಂತ ಕೇಳುತ್ತಿದ್ದಳು. ಹೊರಡುವ ಹಿಂದಿನ ದಿನ ಆಫೀಸಿನವರು ಶಾಲು ಹೊದಿಸಿದರು, ಹಾರ ಹಾಕಿದರು, ಒಂದು ಕನ್ನಡ ಬಾವುಟ ಕೊಟ್ಟರು. ಅದನ್ನು ಬೇಸ್ ಕ್ಯಾಂಪಿನಲ್ಲಿ ಹಿಡಿದು ಫೋಟೋ ಕಳಿಸಬೇಕು. ನಾನೂ ಹಲ್ಲು ಕಿರಿದು ಒಪ್ಪಿಕೊಂಡೆ. ಎಡವಟ್ಟು ಶುರುವಾದದ್ದು ಅಲ್ಲೇ.

ನಡಿಗೆ ಶುರುವಾಗುವುದು ನೇಪಾಳದ ಲುಕ್ಲಾದಿಂದ. ಅಲ್ಲಿಯ ರನ್‌ವೇ ಉದ್ದ ಬರೀ 527 ಮೀಟರ್, ಅದೂ ಇಳಿಜಾರು. ಒಂದು ತುದಿಗೆ ಗುಡ್ಡ, ಇನ್ನೊಂದು ತುದಿಗೆ ಕಣಿವೆ. ಅಲ್ಲಿ ಇಳಿದ ಮೇಲೆ ಮೊದಲ ಮೂರ್ನಾಲ್ಕು ದಿನ ಹಬ್ಬ. ತೂಗುಸೇತುವೆಗಳು, ಗಂಟೆ ಕಟ್ಟಿಕೊಂಡು ಎದುರು ಬರುವ ಜೋಪ್ಕ್ಯೊ ಅನ್ನುವ ಯಾಕ್-ಹಸು ಮಿಶ್ರತಳಿಯ ಪ್ರಾಣಿಗಳು, ಹಣೆಗೆ ಪಟ್ಟಿ ಕಟ್ಟಿ ನಮ್ಮ ಮೂರರಷ್ಟು ಭಾರ ಹೊತ್ತು ನಮ್ಮನ್ನೇ ದಾಟಿ ಹೋಗುವ ಹುಡುಗರು. ದಿನಕ್ಕೆರಡು ಸಲ ದಾಲ್ ಭಾತ್. ಮೀನಿಲ್ಲದೆ ಇಷ್ಟು ದಿನ ಇದ್ದದ್ದು ನನ್ನ ಜೀವನದಲ್ಲೇ ಮೊದಲು. ನಾಮ್ಚೆಯಿಂದ ಮೇಲೆ ಮಾಂಸ ಮುಟ್ಟಬೇಡಿ ಅಂತ ಗೈಡ್ ಹೇಳಿದ್ದ. ಕೆಳಗಿನಿಂದ ದಿನಗಟ್ಟಲೆ ಹೊತ್ತು ತಂದದ್ದು ಅದು.

ನಾಮ್ಚೆ 3,440 ಮೀಟರ್. ಅಲ್ಲಿ ಒಂದು ದಿನ ಪೂರ್ತಿ ನಿಲ್ಲಬೇಕು. ದಿಂಗ್ಬೋಚೆಯಲ್ಲಿ, ಅಂದರೆ 4,410 ಮೀಟರಿನಲ್ಲಿ, ಇನ್ನೊಂದು ದಿನ. ನಮ್ಮ ತಂಡದ ಕೆಲವರಿಗೆ ಇದು ಸುಮ್ನೆ ದಿನ ಹಾಳು ಅನಿಸಿತ್ತು. ನನಗೂ ಅನಿಸಿತ್ತು. ಆದರೆ ಮೈ ಎತ್ತರಕ್ಕೆ ಒಗ್ಗುವ ಕೆಲಸ ನಡೆಯುವುದು ಆ ಖಾಲಿ ದಿನಗಳಲ್ಲೇ. ಮೇಲೆ ಹೋದರೂ ಗಾಳಿಯಲ್ಲಿ ಆಕ್ಸಿಜನ್ ಪಾಲು ಅದೇ ಶೇಕಡಾ 21. ಒತ್ತಡ ಮಾತ್ರ ಇಳಿಯುತ್ತದೆ. 5,364 ಮೀಟರಿನ ಬೇಸ್ ಕ್ಯಾಂಪಿನಲ್ಲಿ ಒಂದು ಉಸಿರಿಗೆ ಸಿಗುವುದು ಕಾರವಾರದಲ್ಲಿ ಸಿಗುವುದರ ಸುಮಾರು ಅರ್ಧ. ಅದಕ್ಕೆ ಮೈ ಜೋರಾಗಿ ಉಸಿರಾಡಲು ಶುರು ಮಾಡುತ್ತದೆ. ಆಗ ರಕ್ತದ ಹದ ಕೆಡುತ್ತದೆ, ಅದನ್ನು ಸರಿ ಮಾಡಲು ಕಿಡ್ನಿಗೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅನ್ನುವ ನಿಯಮ ಅದಕ್ಕೇ. ಗುಡ್ಡಳ್ಳಿ ಹತ್ತಿದ ಕಾಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಗಟ್ಟಿ ಕಾಲಿನವನಿಗೆ ಅಪಾಯ ಒಂದು ಕೈ ಜಾಸ್ತಿಯೇ. ಯಾಕೆಂದರೆ ಅವನು ಬೇಗ ಹತ್ತಿಬಿಡುತ್ತಾನೆ.

ದಿಂಗ್ಬೋಚೆಯಲ್ಲಿ ಎರಡನೇ ಸಂಜೆ ತಲೆ ಸಿಡಿಯಲು ಶುರುವಾಯಿತು. ಊಟದ ಹೊತ್ತಿಗೆ ಗೈಡ್ ಎಲ್ಲರ ಬೆರಳಿಗೂ ಆಕ್ಸಿಮೀಟರ್ ಹಾಕಿ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ನೋಡುತ್ತಿದ್ದ. ಪಕ್ಕದವನದ್ದು 86. ನನ್ನದು 76. "ಕೈ ತಣ್ಣಗಿದೆ, ಅದಕ್ಕೆ" ಅಂದೆ. ಬಿಸಿ ಚಹಾದ ಗ್ಲಾಸಿಗೆ ಬೆರಳು ಒತ್ತಿ ಹಿಡಿದು, ಜೋರಾಗಿ ನಾಲ್ಕು ಉಸಿರು ಎಳೆದು, ಮತ್ತೆ ಕೊಟ್ಟೆ. 81. ಗೈಡ್ ನನ್ನ ಮುಖ ನೋಡಿದ. "ತಲೆನೋವು?" ಅಂದ. "ಇಲ್ಲಪ್ಪ" ಅಂದೆ. ಕಣ್ಣೆದುರು ಬಾವುಟ, ಶಾಲು, ಹಾರ.

ಮಾರನೇ ದಿನ ತುಕ್ಲಾ ಏರು. ಹತ್ತಿ ನಿಂತರೆ ಸುತ್ತಲೂ ಕಲ್ಲಿನ ಗೋರಿಗಳಂಥವು, ಬಣ್ಣದ ಪ್ರಾರ್ಥನಾ ಧ್ವಜಗಳು. ಎವರೆಸ್ಟಿನಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು. ಬಾಬು ಚಿರಿ ಶೆರ್ಪಾ ಅವರದ್ದೂ ಇದೆ. ಎವರೆಸ್ಟಿನ ತುದಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇಲ್ಲದೆ 21 ಗಂಟೆ ಕಳೆದಿದ್ದ ಮನುಷ್ಯ, 2001ರಲ್ಲಿ ಅದೇ ಬೆಟ್ಟದಲ್ಲಿ ತೀರಿಕೊಂಡರು. ಅಂಥವರ ಕಲ್ಲಿಗೆ ಒರಗಿ ಕೂತು ನಾನು ಕದ್ದು ಪ್ಯಾರಾಸಿಟಮಾಲ್ ನುಂಗಿದೆ.

ರಾತ್ರಿ ಲೊಬುಚೆಯಲ್ಲಿ ಮೂರು ಸಲ ವಾಂತಿ. ಜೊತೆಗಿದ್ದವನು ಎದ್ದು ಗೈಡನ್ನು ಕರೆದ. ಆಗಲೂ ನನ್ನ ಬಾಯಲ್ಲಿ ಬಂದದ್ದು ಏನು ಗೊತ್ತಾ? "ಗ್ಯಾಸ್ಟ್ರಿಕ್ ಇರಬೇಕು." ನಮ್ಮವರ ಎಲ್ಲ ರೋಗಕ್ಕೂ ಒಂದೇ ಹೆಸರು, ಅಲ್ವಾ?

ಗೈಡ್ ವಾದ ಮಾಡಲಿಲ್ಲ. ನೆಲದ ಹಲಗೆಯ ಗೆರೆಗೆ ಟಾರ್ಚ್ ಬಿಟ್ಟ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ಗೆರೆ ಮೇಲೆ ನಡೆ ಅಂದ. ಮಕ್ಕಳಾಟ ಅಂದುಕೊಂಡೆ. ಒಂದು, ಎರಡು. ಮೂರನೇ ಹೆಜ್ಜೆಗೆ ಗೋಡೆ ಹಿಡಿದುಕೊಂಡೆ. ಇನ್ನೊಮ್ಮೆ ಅಂದ. ಮತ್ತೆ ಗೋಡೆ. ಅವನು ನನ್ನ ಶೂ ತಂದು, ತಾನೇ ಕೂತು ಲೇಸ್ ಕಟ್ಟಿದ. ಮಿದುಳಿನಲ್ಲಿ ನೀರು ತುಂಬುವ ಲಕ್ಷಣ ಅದು ಅಂತ ಆಮೇಲೆ ಗೊತ್ತಾಯ್ತು. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಕತ್ತಲಲ್ಲೇ ನನ್ನ ತೋಳು ಹಿಡಿದು ಫೆರಿಚೆಗೆ ಇಳಿಸಿದರು. 500 ಮೀಟರಿಗೂ ಜಾಸ್ತಿ ಇಳಿತ. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಪುಟ್ಟ ಆಸ್ಪತ್ರೆ ಇದೆ. ಆಕ್ಸಿಜನ್ ಕೊಟ್ಟು, ಮದ್ದು ಕೊಟ್ಟು, ಇನ್ನೂ ಕೆಳಗೆ ಕಳಿಸಿದರು. ಲುಕ್ಲಾ ಮುಟ್ಟುವ ಹೊತ್ತಿಗೆ ನಾನು ಎರಡು ತಟ್ಟೆ ದಾಲ್ ಭಾತ್ ಹೊಡೆಯುತ್ತಿದ್ದೆ.

ಈಗ ನಮ್ಮ ಜಿಲ್ಲೆಯಿಂದ ಸುಮಾರು ಜನ ಹೊರಡುತ್ತಿದ್ದೀರಿ, ಅದಕ್ಕೆ ಹೇಳುತ್ತೇನೆ. ಒಂದು ದಿನ ಉಳಿಸಿ ಕರೆದುಕೊಂಡು ಹೋಗುತ್ತೇವೆ ಅನ್ನುವವರ ಪ್ಯಾಕೇಜ್ ಬೇಡ. ಎತ್ತರಕ್ಕೆ ಒಗ್ಗಲು ನೆರವಾಗುವ ಡೈಮಾಕ್ಸ್ ಮಾತ್ರೆ ವೈದ್ಯರನ್ನು ಕೇಳಿ ತಗೊಳ್ಳಿ, ಆದರೆ ಅದು ಓಡಲು ಕೊಟ್ಟ ಪರವಾನಗಿ ಅಲ್ಲ. ಮುಖ್ಯ ಅಂದರೆ, ಹೊರಡುವವರಿಗೆ ಶಾಲು ಹೊದಿಸಬೇಡಿ ಮಾರಾಯ್ರೇ. ಬಂದ ಮೇಲೆ ಬೇಕಾದರೆ ಚಹಾ ಕುಡಿಸಿ. ಗಾಳಿ ನೋಡಿ ದೋಣಿ ತಿರುಗಿಸಿಕೊಂಡು ಬೈತಖೋಲ್ ಬಂದರಿಗೆ ಬಂದವನನ್ನು ನಮ್ಮೂರಲ್ಲಿ ಯಾರೂ ಹೇಡಿ ಅನ್ನುವುದಿಲ್ಲ. ಬೆಟ್ಟದ ವಿಷಯದಲ್ಲಿ ಮಾತ್ರ ಫೋಟೋ ಕೇಳುತ್ತೇವೆ.

ಬಾವುಟ ಆಫೀಸಿಗೆ ವಾಪಸ್ ಕೊಟ್ಟೆ. ನವೆಂಬರ್ ಒಂದಕ್ಕೆ ಬೇಕಾಗುತ್ತದೆ.

ಇನ್ನೊಂದು ತಮಾಷೆ. ಬೇಸ್ ಕ್ಯಾಂಪಿನಿಂದ ಎವರೆಸ್ಟಿನ ತುದಿ ಕಾಣುವುದೇ ಇಲ್ಲ. ಅಡ್ಡ ಬೇರೆ ಬೆಟ್ಟಗಳಿವೆ. ನನಗೆ ದಿಂಗ್ಬೋಚೆಗಿಂತ ಮೊದಲೇ ಸಿಗುವ ತೆಂಗ್ಬೋಚೆಯಲ್ಲೇ ಬೆಳ್ಳಂಬೆಳಿಗ್ಗೆ ಕಂಡಿತ್ತು, ನುಪ್ಟ್ಸೆ-ಲೋಟ್ಸೆ ಬೆಟ್ಟಸಾಲಿನ ಹಿಂದಿನಿಂದ ತಲೆ ಮಾತ್ರ ಎತ್ತಿಕೊಂಡು. ಮೊನ್ನೆ ಮೀನು ಮಾರ್ಕೆಟಿನಲ್ಲಿ ನಮ್ಮ ಖಾಯಂ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಬಂಗಡೆ ತಕ್ಕಡಿಗೆ ಹಾಕುತ್ತಾ ಕೇಳಿದಳು: "ಅಲ್ಲೇ ಕಂಡ್ತಲ್ಲಾ, ಮತ್ತೆ ಮುಂದೆ ಎಂತಕ್ಕೆ ಹೋದೆ?"