ಟೊಲೆಡೊದ ಗೈಡ್ ಹೇಳಿದ ಮಾತು ಯಾಕೋ ಗಂಟಲಲ್ಲಿ ಇಳಿಯಲಿಲ್ಲ

ಮ್ಯಾಡ್ರಿಡ್‌ನಿಂದ ಟೊಲೆಡೊಗೆ ಟ್ರೈನಿನಲ್ಲಿ ಅರ್ಧ ಗಂಟೆ ಅಷ್ಟೇ. ಗೆಳೆಯರೆಲ್ಲ ಸೇರಿ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದೆವು. ಮೂರು ಕಡೆ ತಾಹೊ ನದಿ, ನಡುವೆ ಗುಡ್ಡ, ಗುಡ್ಡದ ಮೇಲೆ ಊರು. ಹತ್ತೋಕೆ ಎಸ್ಕಲೇಟರ್ ಕೂಡ ಇದೆ, ಮಂಡಿ ನೋವಿನವರು ಹೆದರಬೇಕಿಲ್ಲ. ಫೋಟೋ ಆಮೇಲೆ ಹಾಕ್ತೀನಿ.

ಅಲ್ಲಿ ಎಲ್ಲಿ ಹೋದರೂ ಕಿವಿಗೆ ಬೀಳೋದು ಒಂದೇ ಮಾತು. 'ಮೂರು ಸಂಸ್ಕೃತಿಗಳ ಊರು.' ಕ್ರೈಸ್ತರು, ಮುಸ್ಲಿಮರು, ಯಹೂದಿಗಳು ಅಣ್ಣತಮ್ಮಂದಿರ ಹಾಗೆ ಬಾಳಿದರಂತೆ. ನಮ್ಮ ಗೈಡ್ ಇದನ್ನು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಪೂರ್ತಿ ಸುಳ್ಳು ಅನ್ನಲಾರೆ. 1085ರಲ್ಲಿ ಕ್ರೈಸ್ತ ರಾಜ ಆರನೇ ಅಲ್ಫೊನ್ಸೊ ಈ ಊರನ್ನು ಮುಸ್ಲಿಂ ಅರಸರಿಂದ ಗೆದ್ದುಕೊಂಡ. ಅರಬ್ಬಿ ಪುಸ್ತಕಗಳು ಊರಲ್ಲೇ ಉಳಿದವು. ಮುಂದಿನ ಶತಮಾನದಲ್ಲಿ ಅವನ್ನು ಹುಡುಕಿಕೊಂಡು ಯುರೋಪಿನ ಪಂಡಿತರು ಬಂದರು. ಇಟಲಿಯ ಕ್ರೆಮೋನದ ಜೆರಾರ್ಡ್ ಬಂದದ್ದು ಪ್ರಾಚೀನ ಗ್ರೀಕ್ ಪಂಡಿತ ಟಾಲೆಮಿಯ ಖಗೋಳ ಗ್ರಂಥಕ್ಕಾಗಿ. ಅರಬ್ಬಿ ಕಲಿತ, ಇಲ್ಲೇ ನಿಂತ, ಪುಸ್ತಕದ ಮೇಲೆ ಪುಸ್ತಕ ಲ್ಯಾಟಿನ್‌ಗೆ ತಂದ. ಅದರಲ್ಲಿ ಗಣಿತಜ್ಞ ಅಲ್ ಖ್ವಾರಿಜ್ಮಿಯ ಬೀಜಗಣಿತವೂ ಇತ್ತು. ಭಾರತದ ಅಂಕಿಗಳಲ್ಲಿ ಲೆಕ್ಕ ಮಾಡೋದು ಹೇಗೆ ಅಂತ ಅರಬ್ಬಿಯಲ್ಲಿ ಬರೆದವನೂ ಇದೇ ಖ್ವಾರಿಜ್ಮಿ. ನಮ್ಮ ಗುಂಪಿನ ಸಾಫ್ಟ್‌ವೇರ್ ಮಂದಿಗೆ ಇದನ್ನು ಕೇಳಿ ಭಾರೀ ಖುಷಿ! ಅಂದಿನ ಅನುವಾದದಲ್ಲಿ ಒಬ್ಬ ಅರಬ್ಬಿ ಪುಸ್ತಕ ಓದಿ ಜನರ ಆಡುಮಾತಿನಲ್ಲಿ ಹೇಳುತ್ತಿದ್ದ, ಇನ್ನೊಬ್ಬ ಲ್ಯಾಟಿನ್‌ನಲ್ಲಿ ಬರೆದುಕೊಳ್ಳುತ್ತಿದ್ದ. ಹೀಗೆ ಜೊತೆಗೆ ಕೂತು ಕೆಲಸ ಮಾಡಿದವರಲ್ಲಿ ಯಹೂದಿಗಳೂ ಇದ್ದರು.

ಆದರೆ ಕಟ್ಟಡಗಳ ಒಳಗೆ ಹೋಗಿ ನೋಡಿ. ದೊಡ್ಡ ಕ್ಯಾಥೆಡ್ರಲ್ ಶುರುವಾದದ್ದು 1226ರಲ್ಲಿ, ಹಳೆಯ ದೊಡ್ಡ ಮಸೀದಿಯ ಜಾಗದಲ್ಲಿ. 999ರಲ್ಲಿ ಕಟ್ಟಿದ ಪುಟ್ಟ ಇಟ್ಟಿಗೆ ಮಸೀದಿಗೆ ಈಗ ಏಸುವಿನ ಹೆಸರು. ಬಿಳಿ ಕಮಾನುಗಳ ಒಂದು ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಇದೆ, ಕುದುರೆ ಲಾಳದಂಥ ಕಮಾನುಗಳು, ನೋಡಿದರೆ ಮಸೀದಿ ಅನ್ನಿಸಬೇಕು. ಅದರ ಹೆಸರು ಸಾಂತಾ ಮರಿಯಾ ಲಾ ಬ್ಲಾಂಕಾ, ಅಂದರೆ ಏಸುವಿನ ತಾಯಿ ಮೇರಿಯ ಹೆಸರು! ಇವತ್ತಿಗೂ ಅದು ಚರ್ಚಿನ ಕೈಯಲ್ಲೇ ಇದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಎಲ್ ತ್ರಾನ್ಸಿತೊ ಸಿನಗಾಗ್. ಹದಿನಾಲ್ಕನೇ ಶತಮಾನದ್ದು. ರಾಜ ಪೇದ್ರೊನ ಖಜಾಂಚಿ ಸಾಮುಯೆಲ್ ಹಾ ಲೆವಿ ಕಟ್ಟಿಸಿದ್ದು. ಗೋಡೆಯ ಗಾರೆಯಲ್ಲಿ ಬಳ್ಳಿ, ಹೂವು, ಹೀಬ್ರೂ ಅಕ್ಷರ, ನಡುನಡುವೆ ಅರಬ್ಬಿ. ಕತ್ತೆತ್ತಿ ನೋಡುತ್ತಾ ಕುತ್ತಿಗೆ ಹಿಡಿದುಕೊಂಡಿತು. ಅಷ್ಟು ಹತ್ತಿರದವನಾಗಿದ್ದ ಖಜಾಂಚಿಯನ್ನು ಕೊನೆಗೆ ಅದೇ ರಾಜ ಹಿಡಿಸಿದ. ಅವನು ಸೆರೆಯಲ್ಲೇ ಸತ್ತ. 1391ರಲ್ಲಿ ಯಹೂದಿ ಕೇರಿಯ ಮೇಲೆ ದಾಳಿಯಾಯಿತು. 1492ರಲ್ಲಿ ಮತಾಂತರವಾಗಿ, ಇಲ್ಲವೇ ದೇಶ ಬಿಡಿ ಅಂತ ಆಜ್ಞೆ ಬಂತು. ಇದನ್ನೆಲ್ಲ ಗೈಡ್ ಒಂದೇ ಉಸಿರಿನಲ್ಲಿ ಮುಗಿಸಿ, ಮಾರ್ಜಿಪಾನ್ ಅಂಗಡಿ ಎಲ್ಲಿದೆ ಅಂತ ತೋರಿಸಿದರು. (ಬಾದಾಮಿ, ಸಕ್ಕರೆಯ ಆ ಸಿಹಿ ರುಚಿಯಾಗಿದೆ, ಆ ಬಗ್ಗೆ ತಕರಾರಿಲ್ಲ.)

ಊಟಕ್ಕೆ ಕೂತಾಗ ಇದೇ ಜಗಳ. ಒಬ್ಬ ಗೆಳೆಯ ಹೇಳಿದ, 'ಅವರು ಕೆಡವಲಿಲ್ಲವಲ್ಲ ಮಾರಾಯಾ, ಉಳಿಸಿಕೊಂಡರಲ್ಲ, ಅದೇ ದೊಡ್ಡದು.' ಹೌದು, ಕೆಲವು ಕಟ್ಟಡ ಉಳಿಸಿಕೊಂಡರು. ಜನರನ್ನು ಓಡಿಸಿದರು. ಹಾಗೆ ಹೊರಹಾಕಿಸಿಕೊಂಡ ಜನರ ಹೆಸರಿನಲ್ಲೇ ಈಗ ಟಿಕೆಟ್ ಮಾರುವಾಗ ಆ ಅರ್ಧವನ್ನೂ ಸ್ವಲ್ಪ ಜೋರಾಗಿ ಹೇಳಬೇಕಲ್ವಾ? ಎಲ್ ಗ್ರೆಕೊನ ಚಿತ್ರಕ್ಕೆ ಸಾಂತೊ ತೊಮೆ ಚರ್ಚಿನಲ್ಲಿ ಅಷ್ಟು ಹೊತ್ತು ನಿಲ್ಲಿಸಿ ವಿವರಿಸುತ್ತಾರೆ. ಇದಕ್ಕೂ ಹತ್ತು ನಿಮಿಷ ಕೊಡಬಹುದು.

2015ರಲ್ಲಿ ಸ್ಪೇನ್ ಒಂದು ಕಾನೂನು ಮಾಡಿತು. ಅಂದು ಹೊರಹಾಕಿದ ಯಹೂದಿಗಳ ವಂಶದವರು ಪೌರತ್ವ ಕೇಳಬಹುದು ಅಂತ. ಆ ಅವಕಾಶ 2019ರಲ್ಲಿ ಮುಗಿಯಿತು. ಒಳ್ಳೆಯದೇ. ಆದರೆ 1609ರಿಂದ ಹೊರದಬ್ಬಿದ ಮೊರಿಸ್ಕೊಗಳ, ಅಂದರೆ ಕ್ರೈಸ್ತರಾಗಿ ಮತಾಂತರಗೊಂಡಿದ್ದ ಮುಸ್ಲಿಮರ, ವಂಶದವರಿಗೆ ಅಂಥ ಕಾನೂನು ಬರಲಿಲ್ಲ. ಮೂರು ಸಂಸ್ಕೃತಿ ಅಂತ ಹೇಳುವವರು ಈ ಮೂರನೆಯದನ್ನು ಯಾಕೆ ಬಿಟ್ಟರು ಅಂತ ನಾನು ಕೇಳಿದೆ. ಗೈಡ್ ನಕ್ಕು ಮುಂದೆ ಹೋದರು.

ಹೋಗುವವರಿಗೆ ಒಂದು ಸಲಹೆ: ಸೋಮವಾರ ಬೇಡ. ಎಲ್ ತ್ರಾನ್ಸಿತೊ ಅವತ್ತು ಮುಚ್ಚಿರುತ್ತದೆ.