ಪುಕ್ಕಟೆ ಸರ್ಟಿಫಿಕೇಟಿನ ಬಿಲ್ಲು

ವೆಬ್‌ಸೈಟಿಗೆ ಜಾಗ ಬಾಡಿಗೆ ಕೊಡುವ ಹೋಸ್ಟಿಂಗ್ ಕಂಪನಿಗಳ ಕರುಣೆ ದೊಡ್ಡದು. ಪುಕ್ಕಟೆ ಸಿಗುವುದನ್ನು ಪುಕ್ಕಟೆಯಾಗಿಯೇ ಕೊಟ್ಟರೆ ಗಿರಾಕಿಗೆ ಅದರ ಬೆಲೆ ತಿಳಿಯುವುದಿಲ್ಲವಂತೆ. ಅದಕ್ಕೇ ಈ ಸಲದ ಬಿಲ್ಲಿನಲ್ಲೂ 'ಪ್ರೀಮಿಯಂ ಎಸ್‌ಎಸ್‌ಎಲ್' ಅಂತ ಒಂದು ಸಾಲು ಬಂದು ಕೂತಿದೆ. ಸೈಟಿಗೂ ಬ್ರೌಸರಿಗೂ ನಡುವಿನ ಮಾತುಕತೆಯನ್ನು ಗುಟ್ಟಾಗಿಡುವ, ಅಂದರೆ ಎನ್‌ಕ್ರಿಪ್ಟ್ ಮಾಡುವ, ಸರ್ಟಿಫಿಕೇಟ್ ಅದು. ಟಿಕ್ ಮಾರ್ಕನ್ನೂ ಅವರೇ ಹಾಕಿಟ್ಟಿದ್ದಾರೆ. ನಮ್ಮ ಬೆರಳಿಗೆ ಶ್ರಮ ಆಗಬಾರದಲ್ವಾ?

ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದಲೇ ಇದನ್ನು ಪುಕ್ಕಟೆ ಹಂಚುತ್ತಿದೆಯಲ್ಲ ಎಂದು ಕೇಳಿ ನೋಡಿ. 'ಸಾರ್, ಫ್ರೀ ಅಂದ್ರೆ ಅಷ್ಟು ಸೇಫ್ ಇರಲ್ಲ' ಎನ್ನುತ್ತಾರೆ. ಎನ್‌ಕ್ರಿಪ್ಶನ್ ಎರಡರಲ್ಲೂ ಒಂದೇ. ನೀವು ದುಡ್ಡು ಕೊಟ್ಟಿದ್ದೀರೋ ಇಲ್ಲವೋ, ಬ್ರೌಸರಿಗೆ ಅದು ಬೇಕಾಗಿಲ್ಲ. ಜಾಸ್ತಿ ದುಡ್ಡು ಕೊಟ್ಟರೆ ಕಂಪನಿಯ ದಾಖಲೆ ನೋಡಿ, ಅಡ್ರೆಸ್ ಬಾರಿನಲ್ಲಿ ಹೆಸರು ಮೆರೆಸುತ್ತಿದ್ದ ಕಾಲವೂ ಒಂದಿತ್ತು. 2019ರಲ್ಲಿ ಕ್ರೋಮ್ ಆ ಹೆಸರನ್ನು ಅಲ್ಲಿಂದ ತೆಗೆಯಿತು. 2023ರಲ್ಲಿ ಬೀಗದ ಗುರುತನ್ನೂ ತೆಗೆಯಿತು. ಬೀಗ ಕಂಡರೆ ಸಾಕು, ಸೈಟಿನವನು ಸಾಚಾ ಎಂದು ಜನ ನಂಬಿಬಿಡುತ್ತಿದ್ದರು. ಆದರೆ ಡೊಮೈನ್, ಅಂದರೆ ಸೈಟಿನ ವಿಳಾಸ, ತನ್ನ ಕೈಯಲ್ಲಿದೆ ಎಂದು ತೋರಿಸಿದರೆ ಕಳ್ಳನಿಗೂ ಸರ್ಟಿಫಿಕೇಟ್ ಸಿಗುತ್ತದೆ. ಅಂದಹಾಗೆ, ಕಳ್ಳರ ಸೈಟಿನ ಸರ್ಟಿಫಿಕೇಟ್ ಅವಧಿ ಮೀರಿದ್ದನ್ನು ನಾನಂತೂ ಕಂಡಿಲ್ಲ. ಕಸುಬಿನಲ್ಲಿ ಶ್ರದ್ಧೆ ಅಂದರೆ ಅದು.

ಬ್ರೌಸರಿನಿಂದ ಹೋದ ಬೀಗ ಈಗ ಸೈಟುಗಳ ಅಡಿಯಲ್ಲಿ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿದೆ. '100% ಸುರಕ್ಷಿತ'. ಅದು ಮಾತ್ರ ಯಾವತ್ತೂ ಎಕ್ಸ್‌ಪೈರ್ ಆಗುವುದಿಲ್ಲ. ಬರೀ ಜೆಪೆಗ್ ಚಿತ್ರ ನೋಡಿ.

ದುಡ್ಡಿದ್ದವರು ಹುಷಾರಾಗಿರುತ್ತಾರೆ ಅನ್ನಬೇಡಿ. 2020ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಕೆಲವು ಗಂಟೆ ಮಲಗಿತ್ತು. ಸರ್ಟಿಫಿಕೇಟ್ ನವೀಕರಿಸುವುದನ್ನು ಮರೆತಿದ್ದರು, ಅಷ್ಟೇ. 2029ರ ಮಾರ್ಚ್‌ನಿಂದ ಕಾಸು ಕೊಟ್ಟದ್ದಾಗಲಿ, ಪುಕ್ಕಟೆಯದ್ದಾಗಲಿ, ಹೊಸ ಸರ್ಟಿಫಿಕೇಟಿಗೆ 47 ದಿನಕ್ಕಿಂತ ಜಾಸ್ತಿ ಆಯುಸ್ಸಿಲ್ಲ. 'ವರ್ಷಕ್ಕೊಮ್ಮೆ ನಾವೇ ಹಾಕಿಕೊಡ್ತೀವಿ' ಎನ್ನುವವರು ಆಗ ಏನು ಮಾರುತ್ತಾರೋ!

ಇಷ್ಟಕ್ಕೆಲ್ಲ ನಗಬಹುದು. ಆದರೆ ಸೈಟ್ ನಡೆಸುವವರೇ, ನಗು ಬಾರದ ಸಂಗತಿ ಒಂದಿದೆ. ಸರ್ಟಿಫಿಕೇಟ್ ಅವಧಿ ಮುಗಿದು, ಸೈಟ್ ತೆರೆದರೆ ಕೆಂಪು ಎಚ್ಚರಿಕೆ ಬರುತ್ತಿದೆ ಎಂದು ಫೋನ್ ಮಾಡಿದವರಿಗೆ, 'ಅಡ್ವಾನ್ಸ್ಡ್ ಒತ್ತಿ, ಪ್ರೊಸೀಡ್ ಕೊಡಿ, ಏನೂ ಆಗಲ್ಲ' ಅಂತ ಹೇಳಿಕೊಡುತ್ತೀರಲ್ಲ, ಅದು. ಸರ್ಟ್‌ಬಾಟ್ ಎಂಬ ಸಾಫ್ಟ್‌ವೇರನ್ನು ಒಮ್ಮೆ ಸರಿಯಾಗಿ ಕೂರಿಸಿದರೆ ಅದು ಸರ್ಟಿಫಿಕೇಟನ್ನು ತಾನೇ ನವೀಕರಿಸುತ್ತದೆ. ಕಾಸೂ ಬೇಡ. ಅಷ್ಟೂ ಮಾಡದೆ, ಎಚ್ಚರಿಕೆ ಬಂದರೆ ದಾಟಿಕೊಂಡು ಹೋಗಿ ಎಂದು ಜನರಿಗೆ ಅಭ್ಯಾಸ ಮಾಡಿಸಿದಿರಿ. ನಾಳೆ ಬ್ರೌಸರಿಗೂ ಸೈಟಿಗೂ ನಡುವೆ ಯಾರೋ ನಿಜವಾಗಿಯೇ ಕೂತು ಪಾಸ್‌ವರ್ಡ್ ಕದಿಯುವಾಗಲೂ ಇದೇ ಪುಟ ಬರುತ್ತದೆ. ಜನ ಅದೇ ಬಟನ್ ಒತ್ತುತ್ತಾರೆ. ಆಮೇಲೆ ನೀವು ಗಂಭೀರವಾಗಿ ಒಂದು ಪ್ರಕಟಣೆ ಹೊರಡಿಸುತ್ತೀರಿ: ಗ್ರಾಹಕರು ಎಚ್ಚರ ವಹಿಸಬೇಕಿತ್ತು ಅಂತ.