ಬರಲಿರುವ ಮಾಡೆಲ್‌ನ ಕಾಟ

ಹೊಸ ಮಾಡೆಲ್ ಬರುತ್ತದಂತೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಅಲ್ಲಿಯವರೆಗೆ ತಕರಾರಿಲ್ಲದೆ ದುಡಿಯುತ್ತಿದ್ದ ಲ್ಯಾಪ್‌ಟಾಪ್ ನಿಧಾನವಾಗಿಬಿಡುತ್ತದೆ. ಫ್ಯಾನಿನ ಸದ್ದು ಜಾಸ್ತಿ ಕೇಳಿಸುತ್ತದೆ. ಮೂಲೆಯ ಗೀರು ಎದ್ದು ಕಾಣುತ್ತದೆ. ಪಾಪ, ಅದೇನು ತಪ್ಪು ಮಾಡಿದೆ?

ಹೊಸದು ಬರುವ ಮೊದಲೇ ಮಾರಿಬಿಡು, ನಾಲ್ಕು ಕಾಸು ಜಾಸ್ತಿ ಸಿಗುತ್ತದೆ ಎನ್ನುತ್ತಾರೆ ತಿಳಿದವರು. ಲೆಕ್ಕ ಸರಿಯಾಗೇ ಇದೆ. ಹೊಸದು ಬಂದ ಕೂಡಲೇ ಅಂಗಡಿಯವರು ಉಳಿದ ಹಳೇ ಸ್ಟಾಕಿನ ಬೆಲೆ ಇಳಿಸುತ್ತಾರೆ. ಸೀಲ್ ಒಡೆಯದ ಪೆಟ್ಟಿಗೆಯೇ ಅಗ್ಗಕ್ಕೆ ಸಿಗುವಾಗ, ನಾನು ಕುಟ್ಟಿ ಕುಟ್ಟಿ ಅಕ್ಷರ ಸವೆಸಿದ ಕೀಬೋರ್ಡಿಗೆ ಯಾರು ದುಡ್ಡು ಸುರಿಯುತ್ತಾರೆ? ಸಾಲದ್ದಕ್ಕೆ, ಹೊಸದು ಕೊಂಡವರೆಲ್ಲ ತಮ್ಮ ಹಳೆಯದನ್ನು ಹಿಡಿದು ಅದೇ ವಾರ ಮಾರಲು ನಿಂತಿರುತ್ತಾರೆ.

ಆದರೆ ಎಲ್ಲ ಹೊಸ ಮಾಡೆಲ್‌ಗಳೂ ಒಂದೇ ಥರ ಅಲ್ಲ. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ಹಾಕಿದ ಮ್ಯಾಕ್‌ಬುಕ್ ಏರ್ ತಂದಿತು. ಫ್ಯಾನೇ ಇಲ್ಲ, ವೇಗ ಮಾತ್ರ ಹಿಂದಿನದಕ್ಕಿಂತ ಎಷ್ಟೋ ಜಾಸ್ತಿ. ಇಂಟೆಲ್ ಚಿಪ್‌ನ ಮ್ಯಾಕ್‌ಬುಕ್‌ಗಳು ಒಂದೇ ಏಟಿಗೆ ಹಳೇ ಕಾಲದವಾದವು. ಇಂಟೆಲ್ ಬಿಡುತ್ತೇವೆ ಎಂದು ಆಪಲ್ ಜೂನ್‌ನಲ್ಲೇ ಹೇಳಿತ್ತು. ಆಗ ಎಚ್ಚೆತ್ತು ಮಾರಿದವರು ಜಾಣರು, ಒಪ್ಪುತ್ತೇನೆ. ಉಳಿದ ಎಷ್ಟೋ ವರ್ಷಗಳಲ್ಲಿ ಬರುವುದೇನು? ಪ್ರೊಸೆಸರ್ ಹೆಸರಿನ ಅಂಕಿ ಒಂದು ಏರುತ್ತದೆ. ಒಂದು ಹೊಸ ಬಣ್ಣ ಬರುತ್ತದೆ. ನಾನು ಬರೆಯುವ ಮೇಲ್‌ಗೆ ಅದರಿಂದ ಏನೂ ಆಗಬೇಕಿಲ್ಲ.

ಇನ್ನೂ ಬಾರದ ಮಾಡೆಲ್‌ನ ಸುದ್ದಿಗೂ ಬಲ ಇದೆ ಅನ್ನಿ. 1981ರಲ್ಲಿ ಆಸ್ಬೋರ್ನ್ 1 ಅಂತ ಒಂದು ಕಂಪ್ಯೂಟರ್ ಬಂತು. ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು ಎಂಬುದೇ ಅದರ ಹೆಗ್ಗಳಿಕೆ. ಪರದೆ 5 ಇಂಚು, ತೂಕ ಸುಮಾರು 11 ಕಿಲೋ! ಆದರೂ ಜನ ಮುಗಿಬಿದ್ದು ಕೊಂಡರು. 1983ರಲ್ಲಿ ಕಂಪನಿ ಮುಂದಿನ ಮಾಡೆಲ್‌ಗಳ ಬಗ್ಗೆ ಮೊದಲೇ ಬಾಯಿಬಿಟ್ಟಿತು. ಕೊಳ್ಳಲು ಹೊರಟವರು ಕಾದು ನೋಡೋಣ ಎಂದು ಕೂತರು. ಅದೇ ವರ್ಷ ಕಂಪನಿ ದಿವಾಳಿಯೆದ್ದಿತು. ಕಾರಣ ಅದೊಂದೇ ಅಲ್ಲ ಎನ್ನುವವರೂ ಇದ್ದಾರೆ. ಏನೇ ಇರಲಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿ ನಗುವ ನಾವು, ಇಲ್ಲಿ ಕೂಸು ಹುಟ್ಟುವ ಮುಂಚೆ ಇರುವ ತೊಟ್ಟಿಲನ್ನೂ ಮಾರಲು ಹೊರಡುತ್ತೇವೆ.

ಮಾರಿದ ಮೇಲೆ ಹೊಸದು ಕೈಗೆ ಬರುವವರೆಗೆ ಏನು ಮಾಡುವುದು? ತಿಳಿದವರು ಇದನ್ನು ಮಾತ್ರ ಹೇಳುವುದಿಲ್ಲ. ಬಿಡುಗಡೆ ಮುಂದಕ್ಕೆ ಹೋಗಬಹುದು. ಬಂದ ಮೊದಲ ಕಂತು ಗಂಟೆಯೊಳಗೆ ಖಾಲಿಯಾಗಬಹುದು. ಅಲ್ಲಿಯವರೆಗೆ ಫೋನಿನಲ್ಲಿ ಎಕ್ಸೆಲ್ ಶೀಟ್ ತೆರೆದು, ಬೆರಳಲ್ಲಿ ಒಂದು ಖಾನೆ ಒತ್ತಿದರೆ ಪಕ್ಕದ್ದು ತೆರೆದುಕೊಳ್ಳುವ ಸುಖವನ್ನು ಅನುಭವಿಸಬೇಕು. ಇಲ್ಲವೇ ಮನೆಯಲ್ಲಿ ಇನ್ನೊಬ್ಬರ ಲ್ಯಾಪ್‌ಟಾಪ್ ಕೇಳಬೇಕು. ಅವರು ಕೊಡುತ್ತಾರೆ. ಕೊಡುವಾಗಿನ ಆ ಮುಖಕ್ಕೆ ಬೆಲೆ ಕಟ್ಟಿದರೆ ಉಳಿಸಿದ ನಾಲ್ಕು ಕಾಸು ಅಲ್ಲಿಗಲ್ಲಿಗೆ.

ಹಾಗಂತ ಲ್ಯಾಪ್‌ಟಾಪ್‌ಗೆ ಗಡುವೇ ಇಲ್ಲ ಅಂತಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಅಂದರೆ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11ಕ್ಕೆ ಅರ್ಹತೆ ಇಲ್ಲದ ಯಂತ್ರಗಳಿಗೆ ಅದು ನಿಜವಾದ ಪೆಟ್ಟು. ಇನ್ನೊಂದು ಗಡುವು ಬ್ಯಾಟರಿಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವ ಜಾಣರು ಕೇಳುವುದೇ ಚಾರ್ಜ್ ಸೈಕಲ್ ಎಷ್ಟಾಗಿದೆ, ಅಂದರೆ ಬ್ಯಾಟರಿಯ ಪೂರ್ತಿ ಚಾರ್ಜ್ ಎಷ್ಟು ಸಲ ಖರ್ಚಾಗಿದೆ ಅಂತ. ನನ್ನದರ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದೆ. ಹುಟ್ಟುವಾಗ ಇದ್ದ ಸಾಮರ್ಥ್ಯದ ಪಕ್ಕದಲ್ಲೇ ಈಗ ಉಳಿದಿರುವುದನ್ನೂ ಬರೆದು ತೋರಿಸುತ್ತದೆ, ಒಂಚೂರೂ ದಾಕ್ಷಿಣ್ಯ ಇಲ್ಲದೆ.

ಅದಕ್ಕೇ ಮಾರುವ ಯೋಚನೆ ಬಿಟ್ಟು ಹೊಸ ಬ್ಯಾಟರಿಗೆ ಆರ್ಡರ್ ಕೊಟ್ಟಿದ್ದೇನೆ. ಈ ಮಾಡೆಲ್‌ನ ಬ್ಯಾಟರಿ ಸದ್ಯ ಸ್ಟಾಕ್ ಇಲ್ಲವಂತೆ, ಸ್ವಲ್ಪ ಕಾಯಬೇಕಂತೆ.